ವಾಚು ಅಳೆಯಿತೋ, ಊಹಿಸಿತೋ?

ಮಕ್ಕಳೇ, ಶಿವಗಂಗೆ ಬೆಟ್ಟ ಹತ್ತಿದ್ದೀರಾ? ನೆಲಮಂಗಲ ತಾಲೂಕಿನ ಆ ಬೆಟ್ಟದ ಮೆಟ್ಟಿಲು ಏರುವವರ ಕೈಯನ್ನು ಮುಂದಿನ ಸಲ ಗಮನಿಸಿ. ಹಲವರ ಮಣಿಕಟ್ಟಿನಲ್ಲಿ ಸ್ಮಾರ್ಟ್ ವಾಚು ಇರುತ್ತದೆ. ಒಳಕಲ್ಲು ತೀರ್ಥದ ಹತ್ತಿರ ಕೂತು ದಣಿವಾರಿಸಿಕೊಳ್ಳುವಾಗ ಅದನ್ನೇ ನೋಡುತ್ತಾರೆ. ಇಷ್ಟು ಹೆಜ್ಜೆ ನಡೆದಿರಿ, ನಾಡಿ ಇಷ್ಟು ಬಡಿಯುತ್ತಿದೆ, ಇಷ್ಟು ಕ್ಯಾಲೊರಿ ಖರ್ಚಾಯಿತು ಎಂದು ಅದು ತೋರಿಸುತ್ತದೆ. ಒಂದೇ ಪರದೆಯ ಮೇಲೆ ಅಕ್ಕಪಕ್ಕ ಕಾಣುವುದರಿಂದ ಮೂರು ಅಂಕಿಗಳನ್ನೂ ಒಂದೇ ಸಮ ನಂಬುತ್ತೇವೆ. ಆದರೆ ಆ ಮೂರೂ ಹುಟ್ಟಿದ ಬಗೆ ಬೇರೆ ಬೇರೆ.

ವಾಚಿಗೆ ಮುಖ್ಯವಾಗಿ ಗೊತ್ತಾಗುವುದು ಎರಡು

ಒಂದು, ಅಲುಗಾಟ. ವಾಚಿನೊಳಗಿನ ಸಿಲಿಕಾನ್ ಚಿಪ್ಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸ್ಪ್ರಿಂಗುಗಳ ಮೇಲೆ ಪುಟ್ಟದೊಂದು ತುಂಡು ನಿಂತಿರುತ್ತದೆ. ಕೈ ಬೀಸಿದರೆ ಅದು ಸರಿಯುತ್ತದೆ. ಇದರ ಹೆಸರು ಆಕ್ಸೆಲೆರೊಮೀಟರ್. ನಡೆಯುವಾಗ ಕೈ ಒಂದೇ ತಾಳದಲ್ಲಿ ಆಡುತ್ತದಲ್ಲ, ಆ ತಾಳವನ್ನು ಹಿಡಿದು ವಾಚು ಹೆಜ್ಜೆ ಎಣಿಸುತ್ತದೆ.

ಎರಡು, ಬೆಳಕು. ವಾಚಿನ ಹಿಂಬದಿಯಲ್ಲಿ ಮಿನುಗುವ ಹಸಿರು ದೀಪ ನೋಡಿರಬಹುದು. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿಗೆ ತುಸು ಹೆಚ್ಚು ರಕ್ತ ಬರುತ್ತದೆ, ಆಗ ವಾಪಸು ಬರುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಾಡಿಬಡಿತ ಸಿಕ್ಕಿತು.

ಹಾಗಾದರೆ ಕ್ಯಾಲೊರಿಯನ್ನು ನೋಡುವ ಭಾಗ ಯಾವುದು? ಅಂಥದ್ದೊಂದು ವಾಚಿನಲ್ಲಿ ಇಲ್ಲವೇ ಇಲ್ಲ. ನೀವು ತುಂಬಿಸಿದ ವಯಸ್ಸು, ಎತ್ತರ, ತೂಕಗಳ ಜೊತೆಗೆ ಅಲುಗಾಟ ಮತ್ತು ನಾಡಿಯನ್ನು ಸೇರಿಸಿ, ಒಂದು ಸೂತ್ರಕ್ಕೆ ಹಾಕಿ ಅದು ಲೆಕ್ಕ ಕಟ್ಟುತ್ತದೆ. ಬೈಕು ಎಷ್ಟು ಕಿಲೋಮೀಟರ್ ಓಡಿತು ಎಂದು ಮೀಟರ್ ನೋಡಿ, ಇಷ್ಟು ಪೆಟ್ರೋಲ್ ಖರ್ಚಾಗಿರಬೇಕು ಎನ್ನುವ ಹಾಗೆ. ಹಿಂದೆ ಇಬ್ಬರು ಕೂತಿದ್ದರೋ, ದಾರಿ ಏರಾಗಿತ್ತೋ, ಮೀಟರ್‌ಗೆ ಏನು ಗೊತ್ತು?

ನಮ್ಮ ಕೆಲಸಗಳನ್ನೇ ನೋಡಿ. ಅಮ್ಮ ಒಲೆಯ ಮುಂದೆ ಕೂತು ಮುದ್ದೆ ತೊಳಸುವಾಗ ಕಾಲು ಕದಲುವುದಿಲ್ಲ, ಕೈ ಮಾತ್ರ ಜೋರಾಗಿ ತಿರುಗುತ್ತದೆ. ವಾಚು ಅದನ್ನು ಹೆಜ್ಜೆ ಎಂದು ಎಣಿಸಿಬಿಡಬಹುದು. ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬರುವ ಅಜ್ಜಿಯ ಕಥೆ ಇದಕ್ಕೆ ತಿರುಗಾಮುರುಗ. ತಲೆಯ ಮೇಲೆ ಭಾರ, ಎರಡೂ ಕೈ ಹೊರೆಯನ್ನು ಹಿಡಿದು ನಿಂತಿವೆ. ಕೈ ಬೀಸದ್ದರಿಂದ ಕೆಲವು ಹೆಜ್ಜೆ ತಪ್ಪಿಹೋಗುತ್ತವೆ, ಹೊರೆಯ ತೂಕವಂತೂ ವಾಚಿಗೆ ತಿಳಿಯುವುದೇ ಇಲ್ಲ.

ನಾಡಿಯೂ ಪೂರ್ತಿ ಕಥೆ ಹೇಳುವುದಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಬೇಸಿಗೆಯ ಸೆಕೆಗೆ ನಿಂತವರ ನಾಡಿ ಏರುತ್ತದೆ. ಮೈ ತಂಪಾಗಿಸಲು ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ತಳ್ಳುತ್ತಿರುತ್ತದೆ, ಅಷ್ಟೇ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವಾಗ ನಿಮ್ಮ ಎದೆ ಡವಡವ ಎನ್ನುತ್ತದೆ. ಆಗ ನೀವು ಓಡುತ್ತಿರುವುದಿಲ್ಲವಲ್ಲ!

ಬೆಟ್ಟದ ಲೆಕ್ಕ

ಕ್ಯಾಲೊರಿ ಎಂದರೆ ಏನು? ಒಂದು ಕಿಲೋ ನೀರಿನ ಉಷ್ಣಾಂಶವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಕ್ತಿ ಒಂದು ಕಿಲೋಕ್ಯಾಲೊರಿ. ಊಟದ ವಿಷಯದಲ್ಲಿ ಸುಮ್ಮನೆ ಕ್ಯಾಲೊರಿ ಎಂದರೆ ಇದೇ. ಇದು 4,184 ಜೂಲ್‌ಗೆ ಸಮ.

ಈಗ ಪೆನ್ಸಿಲ್ ಹಿಡಿಯಿರಿ. 30 ಕಿಲೋ ತೂಕದ ಹುಡುಗಿಯೊಬ್ಬಳು 100 ಮೀಟರ್ ಮೇಲಕ್ಕೆ ಹತ್ತಿದಳು ಎನ್ನೋಣ. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿ: 30 × 9.8 × 100 = 29,400 ಜೂಲ್. 4,184ರಿಂದ ಭಾಗಿಸಿದರೆ ಸುಮಾರು 7 ಕ್ಯಾಲೊರಿ. ಆದರೆ ಸ್ನಾಯುಗಳು ಖರ್ಚು ಮಾಡಿದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಕೆಲಸಕ್ಕೆ ಬರುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಬೆಟ್ಟ ಹತ್ತುವಾಗ ಮೈ ಬಿಸಿಯಾಗುವುದು ಅದಕ್ಕೇ. ಹಾಗಾಗಿ ಆಕೆಯ ದೇಹ ಎತ್ತರಕ್ಕೇರಲು ತೆತ್ತ ಬೆಲೆ ಸುಮಾರು 28 ಕ್ಯಾಲೊರಿ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇದೆ. ಅಂದರೆ 9 ಗ್ರಾಂ ರಾಗಿಹಿಟ್ಟು ಸಾಕಾಯಿತು!

ಅದೇ ಮೆಟ್ಟಿಲುಗಳನ್ನು ಇಳಿದರೆ ಹೆಜ್ಜೆ ಅಷ್ಟೇ, ಖರ್ಚು ಮಾತ್ರ ಬಹಳ ಕಡಿಮೆ. ಹೆಜ್ಜೆ ಎಣಿಸಿ ಕ್ಯಾಲೊರಿ ಹೇಳುವವರು ಎಡವುವುದು ಇಲ್ಲಿಯೇ.

ನಿಜವಾಗಿ ಅಳೆಯುವುದು ಹೇಗೆ?

1782-83ರ ಚಳಿಗಾಲದಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ಗನ್ನು ಮಂಜುಗಡ್ಡೆ ಸುತ್ತುವರಿದ ಪೆಟ್ಟಿಗೆಯಲ್ಲಿ ಕೂರಿಸಿದರು. ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು ಎಂದು ತೂಗಿದರು. ಉಸಿರಾಟವೂ ಒಂದು ಬಗೆಯ ನಿಧಾನವಾದ ಉರಿಯುವಿಕೆ ಎಂದು ಅವರಿಗೆ ಹೊಳೆಯಿತು.

ಇಂದು ಮನುಷ್ಯರಿಗೆ ಮಂಜಿನ ಪೆಟ್ಟಿಗೆ ಬೇಡ. ತಲೆಯ ಮೇಲೆ ಪಾರದರ್ಶಕ ಮುಸುಕು ಹಾಕಿ, ಎಷ್ಟು ಆಮ್ಲಜನಕ ಒಳಹೋಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಂತು ಎಂದು ನೋಡುತ್ತಾರೆ. ದೇಹ ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 5 ಕ್ಯಾಲೊರಿ ಖರ್ಚಾಗಿದೆ ಎಂದರ್ಥ.

ಈ ಕೆಲಸ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದಿದೆ. ಸುಮ್ಮನೆ ಮಲಗಿದ್ದರೂ ಹೃದಯ, ಮೆದುಳು, ಯಕೃತ್ತು ದುಡಿಯುತ್ತಲೇ ಇರುತ್ತವಲ್ಲ, ನಮ್ಮಲ್ಲಿ ಬಹಳ ಮಂದಿಗೆ ದಿನದ ಖರ್ಚಿನಲ್ಲಿ ದೊಡ್ಡ ಪಾಲು ಅದೇ. ಆ ಖರ್ಚು ಹೇಳಲು 1985ರಲ್ಲಿ ವಿಶ್ವಸಂಸ್ಥೆಯ ತಜ್ಞರು ಸೂತ್ರಗಳನ್ನು ಪ್ರಕಟಿಸಿದ್ದರು. ಅವುಗಳ ಹಿಂದಿದ್ದ ಅಳತೆಗಳಲ್ಲಿ ಅರ್ಧದ ಹತ್ತಿರ ಇಟಲಿಯವರದು! ನಮ್ಮ ದೇಶದವರಿಗೆ ಅವು ಇರುವುದಕ್ಕಿಂತ ಹೆಚ್ಚು ಖರ್ಚು ತೋರಿಸುತ್ತಿದ್ದವು. ಸೇಂಟ್ ಜಾನ್ಸ್‌ನ ಮಾರಿಯೊ ಸೊರೆಸ್, ಪ್ರಕಾಶ್ ಶೆಟ್ಟಿ ಮತ್ತು ಸಂಗಡಿಗರು 1993ರಲ್ಲಿ ಭಾರತದ ಗಂಡಸರಿಗೆಂದೇ ಬೇರೆ ಸೂತ್ರ ಕೊಟ್ಟರು. ಇದರಿಂದ ಒಂದು ಮಾತು ತಿಳಿಯುತ್ತದೆ. ಸೂತ್ರ ಎಂಬುದು ಯಾರನ್ನು ಅಳೆದು ಮಾಡಿದ್ದೋ ಅವರಿಗೆ ಚೆನ್ನಾಗಿ ಹೊಂದುತ್ತದೆ. ವಾಚಿನೊಳಗಿನ ಸೂತ್ರಕ್ಕೂ ಇದೇ ಮಾತು. ಅದು ಬೆಳೆಯುವ ಮಕ್ಕಳನ್ನು ಅಳೆದು ಮಾಡಿದ್ದಲ್ಲದಿದ್ದರೆ ನಿಮ್ಮ ವಿಷಯದಲ್ಲಿ ಇನ್ನಷ್ಟು ತಪ್ಪಬಹುದು.

ಪರೀಕ್ಷೆಗೆ ಕೂತ ಏಳು ವಾಚು

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ವಾಚುಗಳನ್ನು 60 ಜನರಿಗೆ ತೊಡಿಸಿ ನೋಡಿದರು. ನಡೆಸಿದರು, ಓಡಿಸಿದರು, ಸೈಕಲ್ ತುಳಿಸಿದರು, ಜೊತೆಗೆ ಉಸಿರನ್ನೂ ಅಳೆದರು. ನಾಡಿ ಎಣಿಸುವುದರಲ್ಲಿ ಆರು ವಾಚುಗಳ ತಪ್ಪು ಶೇ. 5ರ ಒಳಗೇ ಇತ್ತು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದ ವಾಚೇ ಸರಾಸರಿ ಶೇ. 27ರಷ್ಟು ತಪ್ಪಿತು. ಕೊನೆಯದು ಶೇ. 93ರಷ್ಟು! ನಿಜವಾದ ಖರ್ಚು 100 ಇದ್ದಾಗ ಒಳ್ಳೆಯ ವಾಚೂ 127 ಎಂದೋ 73 ಎಂದೋ ಹೇಳಬಹುದು.

ಹಾಗೆಂದು ವಾಚನ್ನು ಬಿಸಾಡಬೇಕಿಲ್ಲ. ನಿನ್ನೆಗಿಂತ ಇಂದು ಹೆಚ್ಚು ನಡೆದೆನೇ ಎಂದು ತಿಳಿಯಲು ಅದು ಸಾಕು. ಅದರ ಕ್ಯಾಲೊರಿ ನೋಡಿ ಊಟ ಬಿಡುವುದು ಮಾತ್ರ ಬೇಡ. ಹಸಿವಾದರೆ ಊಟ ಮಾಡಿ.

ಮಾಡಿ ನೋಡಿ

ಮನೆಯಲ್ಲಿ ಯಾರದಾದರೂ ವಾಚು ಇದ್ದರೆ ಕೇಳಿ ತೊಟ್ಟುಕೊಳ್ಳಿ. ಬಾಯಲ್ಲಿ ಎಣಿಸುತ್ತಾ 100 ಹೆಜ್ಜೆ ನಡೆಯಿರಿ, ವಾಚಿನ ಲೆಕ್ಕ ಬರೆದುಕೊಳ್ಳಿ. ಕೈಯನ್ನು ಜೇಬಿನಲ್ಲಿಟ್ಟು ಮತ್ತೆ 100 ಹೆಜ್ಜೆ. ಆಮೇಲೆ ಕೂತಲ್ಲೇ ಕೈಯನ್ನು 100 ಸಲ ಬೀಸಿ. ಕೊನೆಗೆ ಬೆರಳನ್ನು ಮಣಿಕಟ್ಟಿನ ಮೇಲಿಟ್ಟು ಒಂದು ನಿಮಿಷ ನಾಡಿ ಎಣಿಸಿ, ವಾಚಿನ ಅಂಕಿಗೆ ಹೋಲಿಸಿ. ಯಾವುದರಲ್ಲಿ ಎಷ್ಟು ವ್ಯತ್ಯಾಸ ಬಂತು, ಏಕೆ ಬಂತು ಎಂದು ಪಟ್ಟಿ ಮಾಡಿ ವಿಜ್ಞಾನದ ಮೇಷ್ಟ್ರಿಗೋ ಮಿಸ್‌ಗೋ ತೋರಿಸಿ. ಹೆಜ್ಜೆಯನ್ನೂ ನಾಡಿಯನ್ನೂ ನೀವೇ ಎಣಿಸಿ ತಾಳೆ ನೋಡಬಹುದು. ಕ್ಯಾಲೊರಿಯನ್ನು ತಾಳೆ ನೋಡಲು ಏನೇನು ಬೇಕಾದೀತು ಎಂದು ಪಟ್ಟಿಯ ಕೆಳಗೆ ಬರೆಯಿರಿ.