ರೂಪಾಂತರ ಯಾರದು?

ಪ್ರಾಗ್ ನಗರದ ಫ್ರಾನ್ಸ್ ಕಾಫ್ಕಾ 1915ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ‘ರೂಪಾಂತರ’ವೆಂಬ ಕಥೆಯಲ್ಲಿ, ಮನೆಯವರನ್ನೆಲ್ಲ ಸಾಕುತ್ತಿದ್ದ ಗ್ರೆಗರನು ಒಂದು ಬೆಳಗ್ಗೆ ಕೀಟವಾಗಿ ಏಳುತ್ತಾನೆ. ಕಾರಣವನ್ನು ಕಥೆಗಾರನು ಹೇಳುವುದೇ ಇಲ್ಲ. ಮನೆ ಏನಾಯಿತೆಂಬುದೇ ಕಥೆ. ಐದು ವರ್ಷ ಕೈಕಟ್ಟಿ ಕುಳಿತಿದ್ದ ತಂದೆ ಬ್ಯಾಂಕಿನ ಜವಾನನಾಗುತ್ತಾನೆ. ತಾಯಿ ಹೊಲಿಗೆ ಹಿಡಿಯುತ್ತಾಳೆ. ತಂಗಿ ಅಂಗಡಿಯ ಕೆಲಸಕ್ಕೆ ಸೇರುತ್ತಾಳೆ. ಮೊದಲು ಅಕ್ಕರೆಯಿಂದ ಊಟ ತಂದಿಡುತ್ತಿದ್ದ ಈ ತಂಗಿಯೇ ಕಡೆಗೆ ಅವನನ್ನು ತೊಲಗಿಸಬೇಕೆನ್ನುತ್ತಾಳೆ. ಅವನು ಸತ್ತ ದಿನವೇ ಮೂವರೂ ಟ್ರಾಮಿನಲ್ಲಿ ವಿಹಾರಕ್ಕೆ ಹೊರಡುತ್ತಾರೆ.

ಅವರನ್ನು ಕ್ರೂರಿಗಳೆಂದು ನಾವು ಜರೆಯಬಹುದು. ಆದರೆ ಅವನ ಸಂಬಳ ರೂಢಿಯಾದಂತೆಲ್ಲ ಅವನ ಮೇಲಣ ಆದರವು, ಅವನು ಮನುಷ್ಯನಾಗಿದ್ದಾಗಲೇ, ತಣ್ಣಗಾಗಿತ್ತು. ಅವರ ಶಕ್ತಿಯೂ ಅವನ ದುಡಿಮೆಯ ನೆರಳಿನಲ್ಲಿ ಮಲಗಿತ್ತು. ನಾವು ಪ್ರೀತಿಸುವುದು ದುಡಿಯುವವನನ್ನೋ, ಅವನ ದುಡಿಮೆಯನ್ನೋ? ಅವನು ಹೊರೆ ಹೊರಲಾರದ ದಿನ ಬರುವ ಮುಂಚೆಯೇ ಕೇಳಿಕೊಳ್ಳತಕ್ಕ ಪ್ರಶ್ನೆಯಿದು.