ಹಾಲಿನ ದಾರಿ, ಕರೆಂಟಿನ ದಾರಿ

(ಹಾಲು ಉತ್ಪಾದಕರ ಮಳೆಗಾಲ ಪೂರ್ವ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಕರೆಂಟಿನ ವಿಷಯ ಮಾತನಾಡುವುದೇಕೆ ಎಂದು ನಿಮಗೆ ಅನ್ನಿಸಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಳೆಗಾಲದಲ್ಲಿ ತಂತಿ ತಗುಲಿ ಸತ್ತ ದನದ ಶವಪರೀಕ್ಷೆಯೂ ನನ್ನ ಕೆಲಸಗಳಲ್ಲೊಂದು. ಸತ್ತ ದನಕ್ಕೆ ನಾನು ಕೊಡಬಹುದಾದದ್ದು ಒಂದು ಸರ್ಟಿಫಿಕೇಟು ಮಾತ್ರ. ಆದ್ದರಿಂದ ದನ ಬದುಕಿರುವಾಗಲೇ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಕರೆಂಟು ಬರುವ ದಾರಿ ತಿಳಿಯೋಣ. ಕೊಡಸಳ್ಳಿ ಅಣೆಕಟ್ಟು ಯಲ್ಲಾಪುರ ತಾಲ್ಲೂಕಿನಲ್ಲೇ ಇದೆ, ಕೈಗಾ ನಮ್ಮ ಜಿಲ್ಲೆಯಲ್ಲೇ ಇದೆ, ಆದರೂ ನಮ್ಮ ಮನೆಗೇಕೆ ಕತ್ತಲೆ ಎಂದು ಅನೇಕರು ಕೇಳುತ್ತಾರೆ. ನಿಮ್ಮ ಮನೆಯ ಹಾಲು ಸಂಘದ ಕ್ಯಾನಿಗೆ ಬಿದ್ದ ಮೇಲೆ ಯಾವ ಆಕಳಿನದೆಂದು ಗುರುತಿಸಲಾಗದು. ಹಾಗೆಯೇ ಎಲ್ಲ ಕೇಂದ್ರಗಳ ವಿದ್ಯುತ್ತೂ ಗ್ರಿಡ್ ಎಂಬ ಒಂದೇ ಜಾಲಕ್ಕೆ ಸೇರುತ್ತದೆ. ಅಲ್ಲಿಂದ ದೊಡ್ಡ ಗೋಪುರಗಳ ಮೇಲೆ ಸಾಗಿ, ಸ್ಟೇಷನ್ನುಗಳಲ್ಲಿ ಒತ್ತಡ ಇಳಿಸಿಕೊಂಡು, 11 ಸಾವಿರ ವೋಲ್ಟಿನ ತಂತಿಯಲ್ಲಿ ಊರಿನ ಟಿ.ಸಿ.ಗೆ ಬರುತ್ತದೆ. ಆ ಕೊನೆಯ ತಂತಿ ಕಾಡು, ಬೆಟ್ಟ, ಅಡಕೆ ತೋಟಗಳ ನಡುವೆ ಹಾಯ್ದು ಬರಬೇಕು. ಒಂದು ಟೊಂಗೆ ಮುರಿದು ಬಿದ್ದರೂ ಸಾಕು, ಕೈಗಾದಲ್ಲಿ ಎಷ್ಟು ಕರೆಂಟಿದ್ದರೂ ನಮಗೆ ಕತ್ತಲೆಯೇ.

ಹಿಂದೆ ಸಾಗಣೆಯನ್ನೂ ಹಂಚಿಕೆಯನ್ನೂ ವಿದ್ಯುಚ್ಛಕ್ತಿ ಮಂಡಳಿಯೇ ನೋಡಿಕೊಳ್ಳುತ್ತಿತ್ತು. 1999ರಲ್ಲಿ ಅದರ ಜಾಗಕ್ಕೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಬಂತು. 2002ರಲ್ಲಿ ಹಂಚಿಕೆ ಬೇರೆಯಾಗಿ ನಮ್ಮ ಭಾಗ ಹೆಸ್ಕಾಂಗೆ ಸೇರಿತು. ದೊಡ್ಡ ಲೈನು ನಿಗಮದ್ದು, ಊರಿನ ಲೈನು ಹೆಸ್ಕಾಂನದು. ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರವು ಉತ್ಪಾದನೆ ಮತ್ತು ಬಳಕೆಯನ್ನು ಹಗಲೂ ರಾತ್ರಿ ತೂಗಿಸುತ್ತದೆ. ಕರೆಂಟನ್ನು ಹಾಲಿನಂತೆ ಕೂಲರಿನಲ್ಲಿ ತುಂಬಿಡಲು ಬರುವುದಿಲ್ಲ. ಆಯಾ ಕ್ಷಣಕ್ಕೆ ಬೇಕಾದಷ್ಟು ಆಯಾ ಕ್ಷಣವೇ ಹುಟ್ಟಬೇಕು. ಹೇಳಿದವರ ಮಾತು ಕೇಳುವವರು ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕಂಡಿತು. ಪಾಲಿಗಿಂತ ಹೆಚ್ಚು ಎಳೆಯಬೇಡಿ ಎಂದರೂ ಎಳೆದರು, ಜಾಲವೇ ಕುಸಿಯಿತು. ಎರಡನೆಯ ದಿನ ಸುಮಾರು 60 ಕೋಟಿ ಜನರ ಪ್ರದೇಶ ಕತ್ತಲಾಯಿತು. ಆಗ ದಕ್ಷಿಣದ ಜಾಲ ಬೇರೆಯಾಗಿದ್ದುದರಿಂದ ನಾವು ಉಳಿದೆವು. 2013ರ ಡಿಸೆಂಬರ್ 31ರಿಂದ ನಾವೂ ಅದೇ ಜಾಲದಲ್ಲಿದ್ದೇವೆ.

ಅಲ್ಲಿ ದೊಡ್ಡವರ ನಡುವೆ ಬೇಕಾದ ಹೊಂದಾಣಿಕೆಯೇ ಇಲ್ಲಿ ನಮ್ಮ ನಡುವೆಯೂ ಬೇಕು. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಸ್ಟೇಷನ್ನಿನಿಂದ 'ಲೈನ್ ಕ್ಲಿಯರ್' ಪಡೆಯುತ್ತಾನೆ. ಅಲ್ಲಿ ಲೈನು ಬಂದ್ ಮಾಡಿ, ಅರ್ತ್ ಮಾಡಿ, ಅವನು ಇಳಿದು ತಿಳಿಸುವ ತನಕ ಮತ್ತೆ ಹಾಕುವುದಿಲ್ಲ. ಆದರೆ ಗಾಳಿಗೆ ಲೈನು ತಾನಾಗಿ ಟ್ರಿಪ್ ಆದಾಗ, ಟೊಂಗೆ ತಾಗಿ ಹೋಗಿರಬಹುದೆಂದು ಸ್ಟೇಷನ್ನಿನವರು ಮತ್ತೊಮ್ಮೆ ಹಾಕಿ ನೋಡುವುದುಂಟು. ತಂತಿ ನೆಲಕ್ಕೆ ಬಿದ್ದಿದೆಯೆಂದು ದೂರದಲ್ಲಿ ಕುಳಿತವರಿಗೆ ಯಾರಾದರೂ ಹೇಳದೆ ಗೊತ್ತಾಗುವುದು ಹೇಗೆ?

ಇದನ್ನು ನಾನು ಕಲಿತದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ ಚಿಕಿತ್ಸೆಗೆ ಹೋಗುವಾಗ ಒಂದು ತೋಟದಂಚಿನಲ್ಲಿ ಮರ ವಾಲಿ ತಂತಿ ಜೋತಾಡುತ್ತಿತ್ತು. ಯಾರಾದರೂ ಹೇಳಿರುತ್ತಾರೆ ಎಂದುಕೊಂಡು ಮುಂದೆ ಹೋದೆ. ಊರಿನವರೂ ಹಾಗೆಯೇ ಎಣಿಸಿದ್ದರು. ರಾತ್ರಿ ಮಳೆಗೆ ತಂತಿ ಬಿತ್ತು, ಲೈನು ಟ್ರಿಪ್ ಆಯಿತು. ಬೆಳಿಗ್ಗೆ ಕರೆಂಟಿಲ್ಲವೆಂಬ ಧೈರ್ಯದಲ್ಲಿ ದನ ಬಿಟ್ಟರು. ಅಷ್ಟರಲ್ಲಿ ಲೈನು ಮತ್ತೆ ಬಂತು. ಗಬ್ಬದ ಮಿಶ್ರತಳಿ ಆಕಳು ಬಾಯಲ್ಲಿ ಹುಲ್ಲು ಹಿಡಿದಂತೆಯೇ ಬಿದ್ದಿತ್ತು. ಹಿಂದೆ ಬರುತ್ತಿದ್ದ ಮನೆಯ ಹುಡುಗ ಹತ್ತು ಮಾರು ದೂರದಲ್ಲಿದ್ದ, ಬದುಕಿಕೊಂಡ. ಅಂದಿನ ವರದಿಗೆ ಸಹಿ ಹಾಕುವಾಗ ನನ್ನ ಕೈ ನಡುಗಿತು.

ತಂತಿ ಬಿದ್ದ ಒದ್ದೆ ನೆಲದಲ್ಲಿ ಪ್ರತಿ ಹೆಜ್ಜೆಗೂ ಒತ್ತಡ ಬದಲಾಗುತ್ತದೆ. ದನದ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚು. ಕರೆಂಟು ಎದೆಯ ಮೂಲಕವೇ ಹಾಯುತ್ತದೆ. ಮನುಷ್ಯ ಉಳಿಯುವ ಕಡೆಯಲ್ಲೂ ದನ ಸಾಯುವುದು ಇದಕ್ಕೇ.

ಆದ್ದರಿಂದ ದಯವಿಟ್ಟು ಇಷ್ಟು ಪಾಲಿಸಿರಿ:

1. ಬಿದ್ದ ತಂತಿ ಯಾವಾಗಲೂ ಜೀವಂತ ಎಂದೇ ತಿಳಿಯಿರಿ. ಹತ್ತಿರ ಹೋಗಬೇಡಿ, ಕೋಲಿನಿಂದ ಸರಿಸಬೇಡಿ, ಜನ ದನ ಬಾರದಂತೆ ದೂರದಿಂದಲೇ ಕಾಯಿರಿ.

2. ಬೇರೆಯವರು ಹೇಳಿದ್ದರೂ ನೀವೂ ಹೇಳಿರಿ. ಹೆಸ್ಕಾಂ ಸಹಾಯವಾಣಿ 1912. ಸೆಕ್ಷನ್ ಆಫೀಸಿನ ನಂಬರನ್ನು ಸಂಘದ ಗೋಡೆಯ ಮೇಲೆ ಬರೆಸಿರಿ. ಕಂಬದ ಅಥವಾ ಟಿ.ಸಿ.ಯ ನಂಬರು ತಿಳಿಸಿದರೆ ಜಾಗ ಬೇಗ ಸಿಗುತ್ತದೆ.

3. ಮನೆ, ಸಂಘಗಳ ಜನರೇಟರಿಗೆ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಇಲ್ಲದಿದ್ದರೆ ನಿಮ್ಮ ಕರೆಂಟು ಹಿಂದಕ್ಕೆ ಹರಿದು, ಟಿ.ಸಿ.ಯಲ್ಲಿ 11 ಸಾವಿರ ವೋಲ್ಟಾಗಿ, ಕಂಬದ ಮೇಲಿರುವ ಲೈನ್‌ಮ್ಯಾನ್‌ನನ್ನು ಕೊಲ್ಲಬಹುದು. ಅವನೂ ಯಾರದೋ ಮನೆಯ ಮಗ.

4. ಶೀತಲೀಕರಣ ಘಟಕವಿರುವ ಸಂಘಗಳು ಲೈನು ಬಂದ್ ಆಗುವ ದಿನವನ್ನು ಮೊದಲೇ ಕೇಳಿ ಡೀಸೆಲ್ ಇಟ್ಟುಕೊಳ್ಳಿರಿ. ಕರೆದ ಹಾಲು ಬೇಗ 4 ಡಿಗ್ರಿಗೆ ಇಳಿಯದಿದ್ದರೆ ಒಡೆಯುತ್ತದೆ, ನಷ್ಟ ಎಲ್ಲರದು.

5. ದನ ಸತ್ತರೆ, ಕರೆಂಟು ತೆಗೆದದ್ದು ಖಚಿತವಾಗುವ ತನಕ ಮುಟ್ಟಬೇಡಿ. ಪಶುವೈದ್ಯರು, ಹೆಸ್ಕಾಂ, ಪೊಲೀಸರಿಗೆ ತಿಳಿಸಿರಿ. ಶವಪರೀಕ್ಷೆಗೆ ಮೊದಲೇ ಹೂಳಿದರೆ ಪರಿಹಾರ ಕೇಳಲು ಆಧಾರವೇ ಇರುವುದಿಲ್ಲ.

ಬೆಂಗಳೂರಿನಲ್ಲಿ ಕುಳಿತವರಿಗೆ ನಮ್ಮ ಬೆಟ್ಟದಲ್ಲಿ ಬಿದ್ದ ತಂತಿ ಕಾಣುವುದಿಲ್ಲ. ಕಾಣುವುದು ದನ ಹೊಡೆದುಕೊಂಡು ಹೋಗುವ ನಿಮಗೆ. ಕಂಡವರು ಹೇಳಬೇಕು. ಅಂದು ನಾನು ಹೇಳಲಿಲ್ಲ, ನೀವು ಹೇಳಿರಿ.