ಪ್ರಸ್ತಾರದ ಸಾಲಿನಲ್ಲಿ ಚಂಪಕಮಾಲೆ



ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳಿಂದ ಬಂದು ನೆರೆದಿರುವ ತಮ್ಮೆದುರು ಛಂದಸ್ಸನ್ನು ಕುರಿತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳಲು ನಿಂತಿದ್ದೇನೆ. ವಿಷಯ ಶುಷ್ಕವೆಂದು ಹಿಂದಿನ ಸಾಲಿನವರು ಎದ್ದು ಹೋಗದಿದ್ದರೆ ನಾನು ಧನ್ಯ.

ಮೊದಲು ಒಂದು ತಪ್ಪೊಪ್ಪಿಗೆ. ಹತ್ತನೆಯ ಶತಮಾನದ ನಾಗವರ್ಮನ 'ಛಂದೋಂಬುಧಿ'ಯಲ್ಲಿ ಪ್ರಸ್ತಾರ, ನಷ್ಟ, ಉದ್ದಿಷ್ಟಗಳ ಭಾಗವನ್ನು ವಿದ್ವಾನ್ ಪರೀಕ್ಷೆಗೆ ಬಾಯಿಪಾಠ ಮಾಡಿ ದಾಟಿದವನು ನಾನು. ತರಗತಿಯಲ್ಲಿಯೂ ಅದನ್ನು ಬಿಟ್ಟೇ ಪಾಠ ಹೇಳುತ್ತಿದ್ದೆ. 1875ರಲ್ಲಿ ಆ ಗ್ರಂಥವನ್ನು ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ಕಿಟ್ಟೆಲರಿಗಿದ್ದ ತಾಳ್ಮೆ ನನಗಿರಲಿಲ್ಲ.

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಗುರುಗಳೇ, ಉತ್ಪಲಮಾಲೆ, ಚಂಪಕಮಾಲೆಗಳಿಗೆ ಮೊದಲಷ್ಟೇ ಬೇರೆ, ಆಮೇಲೆಲ್ಲ ಒಂದೇ ನಡಿಗೆ. ಯಾಕೆ?" ಅದೇ ಹೊತ್ತಿಗೆ ಅವಳ ತಂದೆ ಶಾಲೆ ಬಿಡಿಸುವ ದಾಖಲೆ ಕೇಳಲು ಬಾಗಿಲಲ್ಲಿ ನಿಂತಿದ್ದರು. "ಕನ್ನಡದಾಗ ಓದಿದ್ರ ಮುಂದ ಲೆಕ್ಕ ಬರ್ತದೇನ್ರಿ, ಗುರುಗಳ?" ಎಂದರು. ನಾನು ಅವರನ್ನು ಬೆಂಚಿನ ಮೇಲೆ ಕೂರಿಸಿದೆ.

ಮೂರು ಅಕ್ಷರಕ್ಕೆ ಎಂಟು ಗಣ. ಪ್ರಸ್ತಾರದ ಕ್ರಮದಲ್ಲಿ ಮ, ಯ, ರ, ಸ, ತ, ಜ, ಭ, ನ. ಮರಾಠಿ ಶಾಲೆಯ ಮಕ್ಕಳು ಕಲಿಯುವುದೂ ಇವೇ ಎಂಟನ್ನು. ಗಣ ಎಷ್ಟನೆಯದೆಂದು ತಿಳಿಯಲು ಅಕ್ಷರಗಳ ಮೇಲೆ ಎಡದಿಂದ 1, 2, 4 ಎಂದು ಇಮ್ಮಡಿಸುತ್ತ ಬರೆಯಬೇಕು. ಲಘುಗಳ ಮೇಲಿನ ಅಂಕಗಳನ್ನು ಕೂಡಿಸಿ, ಒಂದನ್ನು ಸೇರಿಸಬೇಕು. ಜಗಣದಲ್ಲಿ ಲಘು, ಗುರು, ಲಘು: 1, 4, ಮತ್ತೆ 1, ಆರನೆಯದು. ಇದೇ ಉದ್ದಿಷ್ಟ. ಗುರುವಿಗೆ ಸೊನ್ನೆ, ಲಘುವಿಗೆ ಒಂದು ಎಂದಿಟ್ಟರೆ ಗಣಕಯಂತ್ರ ಎಣಿಸುವ ರೀತಿಯೂ ಇದೇ. ಅಲ್ಲಿ ಬಿಡಿಸ್ಥಾನ ಬಲಗಡೆ, ಇಲ್ಲಿ ಎಡಗಡೆ, ಅಷ್ಟೇ.

ಹುಡುಗಿ ಕರಿಹಲಗೆಯ ಮುಂದೆ ನಿಂತು ಕೂಡಿಸತೊಡಗಿದಳು. ಉತ್ಪಲಮಾಲೆಯ 20 ಅಕ್ಷರಗಳಿಗೆ 10,48,576 ಪ್ರಸ್ತಾರಗಳು. ಅವುಗಳಲ್ಲಿ ಅದು 3,55,799ನೆಯದು. ಚಂಪಕಮಾಲೆಯ 21 ಅಕ್ಷರಗಳಿಗೆ 20,97,152. ಅದರ ಸ್ಥಾನ 7,11,600. ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಯಿತು. ಹಲಗೆಯನ್ನೇ ನೋಡುತ್ತಿದ್ದ ತಂದೆ ಮೆಲ್ಲಗೆ ಅಂದರು: "ಮೊದಲಿಂದರ ಎರಡರಷ್ಟು, ಮ್ಯಾಲ ಎರಡು." ನಾನು ಗಮನಿಸಿಯೇ ಇರಲಿಲ್ಲ!

ಕಾರಣ ಸರಳವಾದದ್ದು. ಉತ್ಪಲಮಾಲೆಯ ಮೊದಲ ಗುರುವನ್ನು ಎರಡು ಲಘುಗಳಾಗಿ ಒಡೆದರೆ ಚಂಪಕಮಾಲೆ. ಉಳಿದ ಅಕ್ಷರಗಳೆಲ್ಲ ಒಂದು ಮನೆ ಮುಂದೆ ಸರಿದು ಅವುಗಳ ಬೆಲೆ ಇಮ್ಮಡಿಯಾಗುತ್ತದೆ. ಹೊಸ ಲಘುಗಳು 1, 2 ತರುತ್ತವೆ. ಕೊನೆಯ ಒಂದನ್ನೂ ಸೇರಿಸಿ ನೋಡಿದರೆ ಹಳೆಯ ಸ್ಥಾನದ ಇಮ್ಮಡಿಗಿಂತ ಎರಡು ಹೆಚ್ಚು. ಶಾರ್ದೂಲವಿಕ್ರೀಡಿತ 1,49,337; ಮತ್ತೇಭವಿಕ್ರೀಡಿತ 2,98,676. ಸ್ರಗ್ಧರೆ 3,02,993, ಮಹಾಸ್ರಗ್ಧರೆ 6,05,988. ನಮ್ಮ ಖ್ಯಾತಕರ್ನಾಟಕ ವೃತ್ತಗಳು ಆರಲ್ಲ, ಮೂರು ಜೋಡಿ! ಪಂಪ, ರನ್ನರು ಸಂಖ್ಯೆ ಎಣಿಸಿ ಬರೆದರೆಂದು ನಾನು ಹೇಳುತ್ತಿಲ್ಲ. ಅವರ ಕಿವಿಗೆ ಅದು ಬೇಕಿರಲಿಲ್ಲ.

"ಚಂಪಕಮಾಲೆಯ ಮೊದಲನ್ನೂ ಹಾಗೆಯೇ ಒಡೆಯಬಹುದೇ?" ಎಂದಳು ಹುಡುಗಿ. ಲಘು ಒಡೆಯುವುದಿಲ್ಲವಮ್ಮಾ ಎಂದೆ.

ತಂದೆಯವರು ಲೆಕ್ಕದ ಹಾಳೆಯನ್ನು ಮಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಆ ದಿನ ದಾಖಲೆಯ ಮಾತೆತ್ತಲಿಲ್ಲ. ಬರುವ ಜೂನ್ ತಿಂಗಳಲ್ಲಿ ಏನು ಮಾಡುವರೋ, ನಾನು ಕಾಯುತ್ತಿದ್ದೇನೆ.